ಟೀಚರ್ ಹಾಕದ ಸಹಿ

೧
ಈ ಕಥೆಯನ್ನು ಗೆಲುವಿನಿಂದ ಶುರು ಮಾಡಲೇ, ಸೋಲಿನಿಂದಲೇ? ಗೆಲುವಿನ ಡ್ರಾಫ್ಟ್ ಬರೆದಾಗಿತ್ತು: ಜನಸಾಗರ, ಹೂಮಳೆ, ಭಾಷಣ. ಓದಿದರೆ ಸರ್ಕಾರಿ ಜಾಹೀರಾತು. ಹರಿದೆ.

ಹಾಗಾಗಿ ಸೋಲು. ನಮ್ಮ ಅಧ್ಯಕ್ಷೆ ಚುನಾವಣೆ ಸೋತಿದ್ದಾರೆ. ಮಧ್ಯಾಹ್ನ ಹೊಸಬ ಬಂದು ಕುರ್ಚಿಯಲ್ಲಿ ಕೂರುತ್ತಾನೆ.

(ಅಧ್ಯಕ್ಷೆ ಒಂದು ಕಾಲಕ್ಕೆ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು. ಇಡೀ ದೇಶಕ್ಕೆ ಅವರು 'ಟೀಚರ್'.)

೨
ಮೇಜಿನ ಮೇಲೆ ಒಂದೇ ಫೈಲು: ಹಳ್ಳಿಹಳ್ಳಿಗೂ ಉಚಿತ ಆಸ್ಪತ್ರೆ. ಟೀಚರ್ ವರ್ಷಗಟ್ಟಲೆ ಹೋರಾಡಿ ತಂದದ್ದು. ಸಂಸತ್ತು ಒಪ್ಪಿದೆ, ಸಹಿಯೊಂದೇ ಬಾಕಿ. ಹೊಸಬನೋ, 'ಅದನ್ನು ಹರಿದು ಹಾಕ್ತೀನಿ' ಎಂದು ಊರೂರಲ್ಲಿ ಗುಡುಗಿಯೇ ಗೆದ್ದವನು.

"ಅಕ್ಕಾ, ಹಾಕಿಬಿಡೇ," ಎಂದ ಅವರ ಕಾರ್ಯದರ್ಶಿಯೂ ಆಗಿರುವ ತಮ್ಮ. "ಕಾನೂನು ಪ್ರಕಾರ ಮಧ್ಯಾಹ್ನದವರೆಗೂ ನೀನೇ ಅಧ್ಯಕ್ಷೆ."

"ಕಾನೂನು ಹೂಂ ಅನ್ನುತ್ತೆ. ಜನ ಬೇಡ ಅಂದ್ರಲ್ಲೋ."

"ಜನಕ್ಕೇನು ಗೊತ್ತಾಗುತ್ತೆ?"

"ನನ್ನನ್ನ ಎರಡು ಸಲ ಗೆಲ್ಲಿಸಿದಾಗ ಗೊತ್ತಾಗ್ತಿತ್ತು, ಈಗ ಗೊತ್ತಾಗಲ್ವಾ?"

೩
ಇಲ್ಲಿ ನಾನು ತಲೆ ಹಾಕಿದೆ. (ಲೇಖಕನಿಗೆ ಅಷ್ಟಾದರೂ ಅಧಿಕಾರ ಬೇಡವೇ?)

"ಟೀಚರ್, ಕಾಯಿಲೆಯವರು ಏನು ಪಾಪ ಮಾಡಿದ್ದಾರೆ? ಸಹಿ ಹಾಕಿ. ನನ್ನ ಕಥೆಗೂ ಒಂದು ಕ್ಲೈಮ್ಯಾಕ್ಸ್ ಸಿಗುತ್ತೆ."

"ಕ್ಲೈಮ್ಯಾಕ್ಸ್ ಬೇಕಾದ್ರೆ ನೀನೇ ಎಲೆಕ್ಷನ್ನಿಗೆ ನಿಲ್ಲಪ್ಪ," ಎಂದರು.

ಕೈ ಮಾತ್ರ ಫೈಲಿನ ಮೇಲೇ ಇತ್ತು. ಬೆರಳು ಸಹಿಯ ಜಾಗವನ್ನು ಸವರುತ್ತಿತ್ತು. ಅದನ್ನು ಬರೆದದ್ದು ನಾನಲ್ಲ.

೪
ಅಂತ್ಯ ಒಂದು: ಸಹಿ ಬೀಳುತ್ತದೆ, ತಮ್ಮ ಸಿಹಿ ಹಂಚುತ್ತಾನೆ. (ಬರೆದೆ. ಟೀಚರ್ ಅಡ್ಡಗೆರೆ ಎಳೆದರು, ಕೆಂಪು ಇಂಕಿನಲ್ಲಿ.)

ಅಂತ್ಯ ಎರಡು: ಹೊಸಬ ಬಂದವನೇ ಫೈಲು ಹರಿಯುತ್ತಾನೆ. (ಬರೆಯಲು ನನಗೇ ಕೈ ಬರಲಿಲ್ಲ.)

೫
ಹೊಸಬ ಬಂದ. ಟೀಚರ್ ಎದ್ದು ಕುರ್ಚಿ ತೋರಿಸಿದರು, ಫೈಲು ಮುಂದಿಟ್ಟರು.

"ಹರೀಬೇಕಂದ್ರೆ ಹರೀರಿ. ಓದದೆ ಮಾತ್ರ ಹರೀಬೇಡಿ."

ಅವನು ಒಂದು ಜೇಬು ತಡಕಿದ. ಇನ್ನೊಂದನ್ನೂ ತಡಕಿದ. ಕಿವಿ ಕೆಂಪಾಯಿತು.

"ಟೀಚರ್... ಗಡಿಬಿಡೀಲಿ ಕನ್ನಡಕ ಮನೇಲೇ ಬಿಟ್ಟು ಬಂದೆ. ನೀವೇ ಓದಿ ಹೇಳ್ತೀರಾ?"

ತಮ್ಮ ಹಣೆ ಚಚ್ಚಿಕೊಂಡ. ಟೀಚರ್ ಮೇಜಿನ ಈಚೆ ಬಂದು, ಅಹವಾಲು ತಂದವರು ಕೂರುವ ಕುರ್ಚಿಯಲ್ಲಿ ಕೂತು, ಮೊದಲ ಪುಟ ತೆರೆದರು.

ಮೂರನೆಯ ಅಂತ್ಯ ಎಲ್ಲಿ ಅನ್ನುತ್ತೀರಿ, ಗೊತ್ತು. ಅವರಿನ್ನೂ ಓದುತ್ತಿದ್ದಾರೆ. ಈಗಷ್ಟೇ ಅವನು ನಡುವೆ ತಡೆದು, "ಅದನ್ನ ಇನ್ನೊಂದ್ಸಲ ಓದಿ" ಎಂದ. ಪೆನ್ನು ನನ್ನ ಕೈಯಲ್ಲಿದೆ. ಕೆಳಗಿಡುತ್ತಿದ್ದೇನೆ.