ಬೀದಿಗೊಂದು ಮರದ ಬಿಲ್ಲೆ

ನೀರಿನ ಕೊಳವೆಗಳ ಇನ್‌ಸ್ಪೆಕ್ಟರ್ ಹುಲಿಗೂ ಹೆದರುವ ಜೀವವಲ್ಲ. ಹೆದರುತ್ತಿದ್ದದ್ದು ಗುತ್ತಿಗೆದಾರ ಭಾವಮೈದನಿಗೆ ಮಾತ್ರ. ಆರಿಂಚಿನ ಕೊಳವೆಯ ಜಾಗದಲ್ಲಿ ನಾಲ್ಕಿಂಚಿನದನ್ನು ಹೂತು, "ಭಾವ, ಒಂದು ಸಹಿ" ಎಂದು ಬರುವವನು ಅವನು. ಸಹಿ ಹಾಕಿದರೆ ಕೆಲಸ ಹೋಗುತ್ತದೆ, ಹಾಕದಿದ್ದರೆ ಹೆಂಡತಿ ಮಾತು ಬಿಡುತ್ತಾಳೆ. ಹಿಂದೊಮ್ಮೆ ಅವಳ ಮೌನಕ್ಕೆ ಹೆದರಿ ಗೋಡೆ ಗಡಿಯಾರವೇ ನಿಂತುಹೋಗಿತ್ತು.

ಈ ಸಲ ಹಣ ಕೊಟ್ಟದ್ದು ಪರದೇಶದ ನೆರವು ಸಂಸ್ಥೆ. ಅದರ ಅಧಿಕಾರಿಣಿ ಕಚೇರಿಗೆ ಹೋಗುವ ಮೊದಲು ಏನಾಗಬೇಕೆಂದು ಬೀದಿಯ ಹೆಂಗಸರನ್ನು ಕೇಳಿದಳು. "ಮಣ್ಣು ಮುಚ್ಚೋ ಮುಂಚೆ ನಾವೂ ಕೊಳವೆ ಅಳತೆ ನೋಡ್ಬೇಕು" ಎಂದರು ಅವರು. ಬೀದಿಗೊಂದು ಆರಿಂಚು ಅಗಲದ ದುಂಡನೆಯ ಮರದ ಬಿಲ್ಲೆ ಬಂತು. ಬಿಲ್ಲೆ ಕೊಳವೆಯೊಳಗೆ ಹೋಗಬೇಕು, ಬೀದಿಯವರ ಸಹಿಯೂ ಬೀಳಬೇಕು, ಆಮೇಲಷ್ಟೇ ಹಣ.

ಸೋಮವಾರ ಭಾವಮೈದ ಹಾಜರಾದ. "ಭಾವ, ಒಂದು ಸಹಿ."

"ಧಾರಾಳವಾಗಿ ಹಾಕ್ತೀನಪ್ಪ. ಮೊದಲು ಕೊನೇ ಮನೆ ಅಜ್ಜಿ ಹಾಕಲಿ."

ಅಜ್ಜಿ ಬಿಲ್ಲೆಯನ್ನು ಕೊಳವೆಯ ಬಾಯಿಗೆ ಹಿಡಿದಳು. ಅದು ಒಳಗೆ ಹೋಗಲಿಲ್ಲ.

"ನಿನ್ನ ಕೊಳವೆ ತೀರಾ ಬಡಕಲಾಗಿದೆಯಲ್ಲೋ ಮಗ. ನಾಲ್ಕು ದಿನ ಊಟ ಹಾಕಿ ಕರ್ಕೊಂಡು ಬಾ."

ಬೀದಿ ನಕ್ಕ ನಗುವಿಗೆ ಮೂರು ಊರಿನ ಹಕ್ಕಿಗಳು ಹಾರಿಹೋದವು.

"ಭಾವ, ನೀವಾದ್ರೂ ಹೇಳಿ."

"ನನ್ನ ಕೈಯಲ್ಲಿ ಏನಿದೆ ಹೇಳು?" ಎಂದ ಇನ್‌ಸ್ಪೆಕ್ಟರ್. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಇಷ್ಟು ಸಿಹಿಯಾದ ಮಾತು ಆಡಿರಲಿಲ್ಲ.

ಸಂಜೆ ಹೆಂಡತಿಯೇ ಮಾತು ಶುರು ಮಾಡಿದಳು. "ಆ ಅಜ್ಜಿ ಮಹಾ ಜೋರಂತೆ. ನೀವಾದ್ರೂ ಏನು ಮಾಡ್ತೀರಿ, ಪಾಪ. ಅವನು ದೊಡ್ಡ ಕೊಳವೆ ತರೋಕೆ ಹೋಗಿದಾನೆ."

ಇನ್‌ಸ್ಪೆಕ್ಟರ್ ಇಪ್ಪತ್ತು ವರ್ಷದಿಂದ ಹಿಡಿದಿಟ್ಟ ಉಸಿರು ಬಿಟ್ಟ. ಕಿಟಕಿಯ ಪರದೆ ಎದುರುಮನೆಯವರೆಗೂ ಹಾರಿತು.