ಬಣ್ಣದ ಕಚ್ಚಾ ಹೊಲಿಗೆ

ತಂಗಿ ತೀರಿಕೊಂಡ ಸುದ್ದಿ ಬಂದ ದಿನ ಅಣ್ಣಯ್ಯ ಸ್ನಾನ ಮುಗಿಸಿ ದೇವರ ಮುಂದೆ ಕುಳಿತಿದ್ದರು. ಫೋನಿನಲ್ಲಿ ಅಪರಿಚಿತ ಗಂಡಸೊಬ್ಬ, "ನಿನ್ನ ತಂಗಿ ಅಂಗಡೀಲಿ ಬಿದ್ದಳು. ಹೋಗಿಬಿಟ್ಟಳು. ನೀನು ಬಾ," ಎಂದ. ಎಪ್ಪತ್ತೆರಡು ವರ್ಷದ ಅಣ್ಣಯ್ಯ ಕೈಯಲ್ಲಿದ್ದ ಹೂವನ್ನು ದೇವರಿಗೆ ಏರಿಸಲೂ ತೋಚದೆ ಹಾಗೇ ಹಿಡಿದುಕೊಂಡು ಕುಳಿತರು.

ಸಮುದ್ರದಾಚೆಯ ಆ ದೊಡ್ಡ ಪಟ್ಟಣದಲ್ಲಿ ತಂಗಿ ಇಪ್ಪತ್ತಾರು ವರ್ಷ ಹೊಲಿಗೆ ಅಂಗಡಿ ನಡೆಸಿದ್ದಳು. ಕಸುಬು ಕಲಿಸಿದವರು ಅಣ್ಣಯ್ಯನೇ. ಭಾನುವಾರ ಬಂತೆಂದರೆ ಫೋನು ಮಾಡಿ, ಊರು ನೋಡಲು ಬಾ ಎಂದು ಒಂದೊಂದು ಕಾರಣ ಹೇಳುತ್ತಿದ್ದಳು. "ಇಲ್ಲಿ ಬೋರ್ಡೆಲ್ಲ ನಾಲ್ಕು ಭಾಷೇಲಿರುತ್ತೆ. ನಾಲ್ಕೂ ಬರದ ನಿನ್ನಂಥವರೂ ದಾರಿ ತಪ್ಪಲ್ಲ." ಇನ್ನೊಂದು ವಾರ, "ಒಂದೇ ಬೀದೀಲಿ ಮೂರು ಧರ್ಮದವರ ಗುಡಿಗಳಿವೆ ಅಣ್ಣಯ್ಯ. ಒಬ್ಬರ ಪ್ರಾರ್ಥನೆ ಮುಗಿಯೋವರೆಗೂ ಇನ್ನೊಬ್ಬರು ಗಂಟೆ ಹೊಡೆಯಲ್ಲ." ಅಣ್ಣಯ್ಯನ ಉತ್ತರ ಒಂದೇ: "ಬರೋ ವರ್ಷ ನೋಡೋಣಮ್ಮ."

ಕಾಗದಪತ್ರ ಆಗಿ ವಿಮಾನ ಹತ್ತುವಷ್ಟರಲ್ಲಿ ಆರು ದಿನ ಕಳೆಯಿತು. ಅಂತ್ಯಕ್ರಿಯೆಯನ್ನು ಅಲ್ಲಿನವರೇ ಮುಗಿಸಿದ್ದರು. ಅಣ್ಣಯ್ಯನವರನ್ನು ಕೊರೆಯುತ್ತಿದ್ದುದು ಒಂದೇ ಮಾತು. ಕೊನೆಗಳಿಗೆಯಲ್ಲಿ ಅವಳಿಗೆ ಒಂದು ಗುಟುಕು ನೀರು ಕೊಡುವವರು ಇದ್ದರೇ, ಇಲ್ಲ ಒಬ್ಬಳೇ ಪ್ರಾಣ ಬಿಟ್ಟಳೇ? ಅದು ತಿಳಿಯದೆ, ಜಪಕ್ಕೆ ಕುಳಿತರೂ ಮನಸ್ಸು ನಿಲ್ಲುತ್ತಿರಲಿಲ್ಲ.

ವಿಮಾನ ನಿಲ್ದಾಣಕ್ಕೆ ಕರೆಯಲು ಬಂದವನು ತಂಗಿಯ ಪಕ್ಕದ ಅಂಗಡಿಯ ಬೀಗ ರಿಪೇರಿಯವನು. ಫೋನು ಮಾಡಿದ್ದವನೂ ಅವನೇ. ಕನ್ನಡವನ್ನು ತಂಗಿಯಿಂದಲೇ ಕಲಿತಿದ್ದ. ಅವಳು ಅವನನ್ನು ಗದರಿಸುತ್ತಿದ್ದ ಧಾಟಿಯ ಕನ್ನಡವಷ್ಟೇ ಅವನಿಗೆ ಬರುತ್ತಿದ್ದುದು. "ಸುಮ್ನೆ ಕೂತ್ಕೋ, ತಲೆ ತಿನ್ಬೇಡ," ಎಂದು ಭಕ್ತಿಯಿಂದ ಕೈಮುಗಿದು ಹೇಳಿ ಪೆಟ್ಟಿಗೆ ಹೊತ್ತುಕೊಂಡ. ಅಣ್ಣಯ್ಯನಿಗೆ ತಂಗಿಯ ದನಿಯೇ ಕೇಳಿದಂತಾಯಿತು. ನೆಲದಡಿಯ ರೈಲಿನಲ್ಲಿ ಹೆಂಗಸೊಬ್ಬಳು ಕೇಳದೆಯೇ ಎದ್ದು ಜಾಗ ಬಿಟ್ಟಳು.

"ಆವತ್ತು ನಾನು ಇರ್ಲಿಲ್ಲ," ಎಂದ ಬೀಗದವನು. "ಬಟ್ಟೆ ತೊಟ್ಟು ನೋಡೋಕೆ ಬಂದ ಗಿರಾಕಿ ಯಾರೋ ಜೊತೆಗಿದ್ರಂತೆ. ಬಟ್ಟೆಗಳು ಅಂಗಡೀಲೇ ತೂಗಾಡ್ತಿವೆ. ನಾಳೆ ಒಬ್ಬೊಬ್ಬರನ್ನೇ ಕರೆಸ್ತೀನಿ."

ಮರುದಿನ ಬೆಳಿಗ್ಗೆ ಅಣ್ಣಯ್ಯ ಅಂಗಡಿಯ ಬಾಗಿಲು ತೆಗೆದರು. ಗೋಡೆಗೆ ಒಂಬತ್ತು ಬಟ್ಟೆಗಳು ತೂಗುತ್ತಿದ್ದವು; ಒಂದೂ ಪೂರ್ತಿಯಾಗಿರಲಿಲ್ಲ. ಅಳತೆ ನೋಡಿ ಆಮೇಲೆ ಕಿತ್ತುಹಾಕುವ ಕಚ್ಚಾ ಹೊಲಿಗೆ ಎಲ್ಲಕ್ಕೂ, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಕಚ್ಚಾ ಹೊಲಿಗೆ ಕಂಡರೆ ದರ್ಜಿಯ ಕೈ ಸುಮ್ಮನಿರುವುದಿಲ್ಲ. ತಂಗಿಯ ಕೆಲಸ ಅರ್ಧಕ್ಕೆ ನಿಲ್ಲಬಾರದೆಂದು ಮಿಷನ್ ತುಳಿದು ಎಲ್ಲವನ್ನೂ ಗಟ್ಟಿ ಮಾಡಿದರು. ದಾರಗಳನ್ನೆಲ್ಲ ಕಿತ್ತು, ಬಣ್ಣಬಣ್ಣದ ಹಳೆಯ ದಾರ ತುಂಬಿದ್ದ ಬುಟ್ಟಿಗೆ ಹಾಕಿದರು.

ಬೀಗದವನು ಬಂದು ನೋಡಿ ತಲೆಮೇಲೆ ಕೈ ಹೊತ್ತುಕೊಂಡ. "ಏನ್ ಮಾಡ್ಬಿಟ್ಟೆ! ಇಲ್ಲಿ ಒಬ್ಬೊಬ್ಬರದು ಒಂದೊಂದು ಲಿಪಿ. ಹೆಸರು ಬರೆಯೋಕೆ ಆಗಲ್ಲ ಅಂತ ಅವಳು ಆಳಿಗೊಂದು ದಾರದ ಬಣ್ಣ ಇಟ್ಟಿದ್ದಳು. ಅದಿಲ್ದೆ ಯಾರನ್ನ ಕರೆಸಲಿ? ಹಳದಿ ಅಂದ್ರೆ ಹಲ್ಲಿನ ಡಾಕ್ಟರು."

"ಹಳದಿ ಹಲ್ಲಿಗೋ?"

"ಅವರಿಗೆ ಗೊತ್ತಿಲ್ಲ. ಹೇಳ್ಬೇಡ."

ಅಣ್ಣಯ್ಯನಿಗೆ ನಗುವೂ ಬಂತು, ಎದೆಯೂ ಒಡೆಯಿತು. ತಂಗಿಯ ಕೊನೆಗಳಿಗೆ ಕಂಡವರ ಗುರುತನ್ನು ತಮ್ಮ ಕೈಯಾರೆ ಕಿತ್ತುಹಾಕಿದ್ದರು.

ಬೇರೆ ದಾರಿಯಿಲ್ಲದೆ ಇಬ್ಬರೂ ಅಂಗಡಿಯ ಮುಂದೆ ಹಗ್ಗ ಕಟ್ಟಿ ಬಟ್ಟೆಗಳನ್ನು ನೇತುಹಾಕಿದರು. ಬೀದಿ ತಾನಾಗಿ ಸೇರಿತು. ಹೂವಿನವಳು ಒಂದು ಅಂಗಿಯನ್ನು ನೋಡಿ, ಇಷ್ಟಗಲದ ಹೆಗಲು ಹೋಟೆಲಿನ ಅಡುಗೆಯವನದೇ ಎಂದಳು. ಅಡುಗೆಯವನು ಬಂದು, ಆ ಗಿಡ್ಡ ತೋಳು ಔಷಧಿ ಅಂಗಡಿಯಾಕೆಯದೆಂದ. ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ಬಾರದು, ಆದರೂ ಒಬ್ಬರ ಮೈಯಳತೆ ಇನ್ನೊಬ್ಬರಿಗೆ ಗೊತ್ತಿತ್ತು. ಬಟ್ಟೆ ಪಡೆದವರೆಲ್ಲ ಅಣ್ಣಯ್ಯನ ಕೈಹಿಡಿದು ತಂತಮ್ಮ ದೇವರ ಹೆಸರು ಹೇಳಿದರು. ಆವತ್ತು ಜೊತೆಗಿದ್ದವರು ಮಾತ್ರ ಅವರಲ್ಲಿ ಯಾರೂ ಇರಲಿಲ್ಲ.

ಸಂಜೆಗೆ ಉಳಿದದ್ದು ಒಂದು ನೀಲಿ ಕೋಟು. ಕೆಲಸ ಮುಗಿಸಿ ಬಂದ ಬಸ್ ಚಾಲಕಿ ಅದನ್ನು ಕಂಡು ಅಲ್ಲೇ ನಿಂತಳು. ಅವಳ ಮಾತನ್ನು ಬೀಗದವನು ಕನ್ನಡದಲ್ಲಿ ಹೇಳುತ್ತ ಹೋದ.

"ಈ ಕೋಟು ತೊಟ್ಟು ತೋಳು ನೋಡೋಕೆ ಇವಳೇ ಬಂದಿದ್ದಳಂತೆ. ತಲೆ ಸುತ್ತುತ್ತೆ ಅಂತ ಕೂತಳಂತೆ ನಿನ್ನ ತಂಗಿ. ಇವಳು ತೊಡೆ ಮೇಲೆ ಮಲಗಿಸ್ಕೊಂಡಳು, ನೀರು ಕುಡಿಸಿದಳು. ಎರಡು ಗುಟುಕು ಕುಡಿದಳು. ಇವಳು ಗಾಳಿ ಹಾಕೋಕೆ ಕೈ ಎತ್ತಿದ್ರೆ ನಿನ್ನ ತಂಗಿ ಬೈದಳಂತೆ: ಕೈ ಎತ್ಬೇಡ, ಕಚ್ಚಾ ಹೊಲಿಗೆ, ಬಿಟ್ಕೊಳ್ಳುತ್ತೆ ಅಂತ. ಆಮೇಲೆ ಮಾತಾಡ್ಲಿಲ್ಲ. ಆಸ್ಪತ್ರೆವರೆಗೂ ಇವಳು ಕೈ ಬಿಡ್ಲಿಲ್ಲ."

ಅಣ್ಣಯ್ಯ ಕೋಟನ್ನು ಬಿಡಿಸಿ ಅವಳಿಗೆ ತಾವೇ ತೊಡಿಸಿದರು. ಅವಳು ಏನೋ ಕೇಳಿದಳು.

"ಈಗ ಕೈ ಎತ್ತಬಹುದಾ ಅಂತಾಳೆ."

"ಎತ್ತು ತಾಯಿ," ಎಂದರು ಅಣ್ಣಯ್ಯ. "ಗಟ್ಟಿಯಾಗಿದೆ."

ಅವಳು ಕೈ ಎತ್ತಿದಳು. ಅಣ್ಣಯ್ಯ ಎರಡೂ ಕೈ ಜೋಡಿಸಿ ಅವಳಿಗೆ ತಲೆಬಾಗಿದರು.

ಆಮೇಲೆ ತಂಗಿಯ ಮಿಷನ್ನಿನ ಮುಂದೆ ಕುಳಿತು ಕಣ್ಣು ಮುಚ್ಚಿದರು. ಏಳು ದಿನದಿಂದ ಓಡುತ್ತಿದ್ದ ಮನಸ್ಸು ನಿಂತಿತು. "ತಂದೆಯೇ, ನನ್ನ ಕೂಸನ್ನು ಇಷ್ಟು ಜನರ ಕೈಯಲ್ಲಿ ಇಟ್ಟು ಕಾಪಾಡಿದೆ. ನಾನು ಬರಲು ತಡಮಾಡಿದ್ದನ್ನು ಕ್ಷಮಿಸು. ಇವರ ಮನೆಗಳನ್ನು ತಣ್ಣಗಿಡು. ದುಡಿದು ದಣಿದ ಅವಳ ಜೀವವನ್ನು ನಿನ್ನ ಪಾದದಲ್ಲಿ ಮಲಗಿಸಿಕೋ. ಅವಳಿಗೆ ಶಾಂತಿಯಿರಲಿ."