ಬಾಗಿಲಾಚೆ ಬಿಟ್ಟ ಕುಬಡಿ

ಸಾಯಬಣ್ಣನಂಥ ಮರ್ಯಾದಸ್ಥ ಗೌಂಡಿ ಔರಂಗಾಬಾದ್ ಪಕ್ಕದ ಚಿಕಲಠಾಣಾದ ಯಾವ ಕಟ್ಟಡದಲ್ಲೂ ಕೆಲಸ ಮಾಡಿರಲಿಕ್ಕಿಲ್ಲ. ಆ ಮರ್ಯಾದೆಯೇ ಅವನ ಪಿಂಚಣಿಗೆ ಕಲ್ಲು ಹಾಕಿತ್ತು.

ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನ ಕಂಕುಳಿಗೆ ಎರಡು ಊರುಗೋಲು ಬಂದವು. ಇಲ್ಲಿನ ಮರಾಠಿ ಜನ ಅವನ್ನು ಕುಬಡಿ ಅನ್ನುತ್ತಾರೆ, ದುಡಿಯಲು ಬಂದ ಈ ಗಂಡ-ಹೆಂಡತಿಯ ಬಾಯಲ್ಲೂ ಅದೇ ನಿಂತಿತು. ಅಂಗವಿಕಲರ ಪಿಂಚಣಿಗೆ ಬೇಕಾದ ಸರ್ಟಿಫಿಕೇಟಿಗೆಂದು ಮೊದಲ ಸಲ ಔರಂಗಾಬಾದಿನ ಆಸ್ಪತ್ರೆಗೆ ಒಬ್ಬನೇ ಹೋದಾಗ ಈ ಮಹರಾಯ ಮಾಡಿದ್ದೇನು? ಡಾಕ್ಟರ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಅದರ ಪಕ್ಕದಲ್ಲೇ ಕುಬಡಿಯನ್ನೂ ಒರಗಿಸಿದ. ರಾಡಿ, ಸೆಗಣಿ ಮೆಟ್ಟಿ ಬಂದದ್ದನ್ನು ದೊಡ್ಡವರ ಕೋಣೆಯೊಳಗೆ ಒಯ್ಯಬಾರದು ಎಂಬುದು ಸುರಪುರದ ಕಡೆಯ ಅವನ ಮನೆಯವರು ಕಲಿಸಿದ ನಡತೆ. ಗೋಡೆ ಹಿಡಿದು, ಮೇಜು ಹಿಡಿದು, ಬೆವರು ಸುರಿಸುತ್ತ ಒಳಗೆ ಹೋಗಿ ನಗುನಗುತ್ತ ಕೈ ಮುಗಿದ. ಹೇಗಿದ್ದೀಯಪ್ಪ ಎಂದು ಕೇಳಿದರೆ, "ಆರಾಮ್ ಹೈ ಸಾಬ್" ಎಂದ. ಆಸರೆಯಿಲ್ಲದೆ ನಡೆಯುತ್ತಾನೆ ಎಂದು ಡಾಕ್ಟರು ಬರೆದರು. ಕಂಡದ್ದನ್ನು ಬರೆದರು, ಪಾಪ, ಅವರದೇನು ತಪ್ಪು?

ಕೆಲಸದಿಂದ ಬಂದು ಇದನ್ನು ಕೇಳಿದ ಹೆಂಡತಿ ಚನಬಸವ್ವ ಹಣೆ ಚಚ್ಚಿಕೊಂಡಳು. ಇನ್ನೊಂದು ಸಲ ತೋರಿಸಲು ಅವಕಾಶವೇನೋ ಸಿಕ್ಕಿತು. ಆದರೆ ಅಷ್ಟರಲ್ಲಿ ಗಂಡ ಹೊಸ ಹಠ ಹಿಡಿದಿದ್ದ. ಪಿಂಚಣಿ ಬರದಿದ್ದರೆ ಊರಿನ ಅಕ್ಕನ ಮನೆಗೆ ಹೋಗಿಬಿಡುತ್ತಾನಂತೆ.

"ನೀ ಒಬ್ಬಾಕಿ ದುಡಿಯೂದು, ನಾ ಕುಂತು ತಿನ್ನೂದು. ನನ್ನ ಕೈಲಿ ಆಗಂಗಿಲ್ಲ," ಎಂದಿದ್ದ.

ಬುಟ್ಟಿ ಹೊರುವ ಕೆಲಸ ಇಲ್ಲಿತ್ತು, ಅವಳು ಬಿಟ್ಟುಹೋಗುವ ಹಾಗಿರಲಿಲ್ಲ. ಅವನಿಲ್ಲದ ಆ ತಗಡಿನ ಮನೆಗೆ ಸಂಜೆ ಮರಳುವುದನ್ನು ಅವಳಿಗೆ ನೆನೆಯಲೂ ಆಗುತ್ತಿರಲಿಲ್ಲ. ಬೈಯುವುದಕ್ಕಾದರೂ ಎದುರಿಗೊಬ್ಬರು ಬೇಡವೇ?

ಈ ಸಲ ಅವಳೂ ರೊಟ್ಟಿಯ ಚೀಲ ಹೆಗಲಿಗೇರಿಸಿ ಜೊತೆಗೆ ಹೋದಳು. ಬಾಗಿಲ ಹತ್ತಿರ ಬಂದದ್ದೇ ತಡ, ಸಾಯಬಣ್ಣನ ಕೈ ತಾನಾಗಿ ಕುಬಡಿಯನ್ನು ಗೋಡೆಗೆ ಒರಗಿಸಲು ಹೋಯಿತು.

"ಮತ್ತ ಅದೇ ಮಾಡ್ಲಕತ್ತೀರಿ? ಅವು ಚಪ್ಪಲಿ ಅಲ್ರಿ, ನಿಮ್ಮ ಕಾಲು! ಹಿಡೀರಿ ಸುಮ್ನ," ಎಂದು ಗದರಿ ಅವನನ್ನು ಒಳಗೆ ನಡೆಸಿದಳು.

ಒಳಗಿದ್ದ ನರ್ಸ್ ವಿದ್ಯಾವತಿ ಬೀದರಿನವಳು. ಡಾಕ್ಟರ ಮರಾಠಿಯನ್ನು ಕನ್ನಡಕ್ಕೆ, ಇವರ ಕನ್ನಡವನ್ನು ಮರಾಠಿಗೆ ತಿರುಗಿಸುತ್ತ ನಿಂತಳು.

"ಎಷ್ಟು ದೂರ ನಡೀತೀರಿ ಅಂತ ಕೇಳ್ಲಕತ್ತಾರ."

"ಎಲ್ಲೀತನಕ ಅಂತೀರಿ, ಅಲ್ಲೀತನಕ ನಡೀತೀನ್ರಿ," ಎಂದು ಸಾಯಬಣ್ಣ ಎದೆ ಸೆಟೆಸಿದ.

ಚನಬಸವ್ವನಿಗೆ ತಡೆಯಲಾಗಲಿಲ್ಲ.

"ಸುಳ್ಳ್ರೀ ಅಕ್ಕಾರ! ಇವರ ಕಂಕುಳ ಸುಲಿದು ಹುಣ್ಣಾಗ್ಯಾವ, ನನ್ನ ಹಳೀ ಸೀರಿ ಹರಿದು ಕುಬಡಿಗಿ ಸುತ್ತೀನಿ. ಮಳಿ ಬಂದ್ರ ರಾಡ್ಯಾಗ ಹುಗೀತಾವ, ಕಿತ್ತಲಿಕ್ಕ ಹೋದ್ರ ಇವರೇ ಬೀಳ್ತಾರ. ಎರಡೂ ಕೈ ಅದನ್ನೇ ಹಿಡೀಬೇಕು, ನೀರಿನ ತಂಬಿಗಿ ಹ್ಯಾಂಗ ಹಿಡೀಬೇಕು? ಕಕ್ಕಸು ದೂರ ಅದ. ಅದಕ್ಕ ನಾ ಬರೂತನಕ ಇವರು ನೀರೇ ಕುಡಿಯಂಗಿಲ್ರಿ. ನಾ ತುಂಬಿಟ್ಟ ಕೊಡ ಸಂಜಿಗಿ ತುಂಬಿದಂಗೇ ಇರ್ತದ. ನನಗ ತಿಳಿಯಂಗಿಲ್ಲ ಅಂದ್ಕೊಂಡಾರ."

ಹೇಳಿ ಮುಗಿಸಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಗಂಡನ ಮಾನವನ್ನು ನಾಲ್ಕು ಜನರೆದುರು ಬಿಚ್ಚಿಟ್ಟೆನಲ್ಲಾ ಎನಿಸಿತು. ಸಾಯಬಣ್ಣನ ಮುಖ ಕೆಂಪಾಗಿತ್ತು. ಡಾಕ್ಟರು ಅವನ ಕಂಕುಳು, ಸೊಂಟ, ಕಾಲು ನೋಡಿದರು. ಆಮೇಲೆ ಅವನನ್ನೇ ಕೇಳಿದರು.

"ಇದೆಲ್ಲಾ ಖರೇ ಏನಂತ ಕೇಳ್ತಾರಣ್ಣ. ನಿಮ್ಮ ಬಾಯಿಂದ ಹೇಳ್ಬೇಕು," ಎಂದಳು ವಿದ್ಯಾವತಿ.

ಅವನು ಕುಬಡಿಗೆ ಸುತ್ತಿದ ಸೀರೆಯ ತುಂಡನ್ನು ಬೆರಳಿನಿಂದ ಸವರಿದ. ಇಲ್ಲವೆಂದುಬಿಟ್ಟರೆ ಎಲ್ಲ ಮುಗಿದಂತೆ. ಚನಬಸವ್ವ ಮನಸ್ಸಿನಲ್ಲೇ ಶರಣಬಸಪ್ಪನಿಗೆ ಕಾಯಿ ಹರಕೆ ಹೊತ್ತಳು.

"ಖರೇ ಅದರಿ," ಎಂದ ಕೊನೆಗೆ. "ಒಂದು ಬಿಟ್ಟಾಳ. ಸಂಜಿಗಿ ಈಕಿ ತಲಿ ಮ್ಯಾಲ ಕಟಗಿ ಹೊರಿ ಹೊತ್ಕೊಂಡು ಬರ್ತಾಳ. ನಾ ಬಾಗಲದಾಗೇ ನಿಂತಿರ್ತೀನಿ. ಇಳಿಸ್ಕೋಬೇಕಂದ್ರ ಎರಡೂ ಕೈ ಕುಬಡಿ ಮ್ಯಾಲ. ತಾನೇ ಇಳಿಸ್ಕೋತಾಳ. ನಡಿಯೂದು ಹ್ಯಾಂಗರ ಆಗ್ತದರಿ ಅಕ್ಕಾರ, ಅದನ್ನ ದಿನಾ ನೋಡೂದು ಆಗಂಗಿಲ್ಲ."

ವಿದ್ಯಾವತಿ ಒಂದು ಮಾತೂ ಬಿಡದೆ ಅದನ್ನು ಮರಾಠಿಯಲ್ಲಿ ಹೇಳಿದಳು. ಡಾಕ್ಟರು ಪೆನ್ನು ತೆಗೆದರು. ಅದಕ್ಕೆ ಕಾಗದದಲ್ಲಿ ಜಾಗವಿಲ್ಲ, ಉಳಿದದ್ದೇ ಪಿಂಚಣಿಗೆ ಸಾಕು ಎಂದು ಹೇಳಿ, ಅಷ್ಟನ್ನೇ ಬರೆದು ಸಹಿ ಹಾಕಿದರು.

ಹೊರಗೆ ಬಂದ ಮೇಲೂ ಚನಬಸವ್ವನ ತಲೆಯಲ್ಲಿ ಅವನ ಮಾತೇ ತಿರುಗುತ್ತಿತ್ತು. ಕುಂತು ತಿನ್ನುವ ನಾಚಿಕೆಗೆ ಊರಿಗೆ ಹೊರಟಿದ್ದಾನೆ ಎಂದುಕೊಂಡಿದ್ದಳು. ಇಷ್ಟು ದಿನ ಸಂಸಾರ ಮಾಡಿಯೂ ಗಂಡನನ್ನು ತಪ್ಪು ತಿಳಿದಿದ್ದಳು. ಅಳು ಬಂತು. ನಡು ಆಸ್ಪತ್ರೆಯಲ್ಲಿ ಅಳುವುದು ಬೇಡವೆಂದು ಸಿಟ್ಟು ತಂದುಕೊಂಡಳು. ಹೆಗಲಿನಿಂದ ರೊಟ್ಟಿಯ ಚೀಲ ತೆಗೆದು ಅವನ ಕೊರಳಿಗೆ ಹಾಕಿದಳು.

"ಹೊರ್ರಿ. ನನಗ ಭಾಳ ದಣಿವಾಗ್ಯಾದ."

ಸಾಯಬಣ್ಣ ಚೀಲ ಎದೆಗೆ ಬಡಿಯುತ್ತಿರಲು, ಕುಬಡಿ ಊರುತ್ತ ಬಸ್ ಸ್ಟಾಪಿನತ್ತ ನಡೆದ. ನಡುವೆ ಒಮ್ಮೆಯೂ ಅದನ್ನು ವಾಪಸ್ ಕೊಡಲಿಲ್ಲ. ಅವಳೂ ಕೇಳಲಿಲ್ಲ.